ಲೈನು ಮನೆಯ ಗಾಳಿ



ಕೋಲಾರ ಎಂದರೆ ಬರದ ಜಿಲ್ಲೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ದೂಳೇ ಹಾರುವ ನೆಲ. ಇಲ್ಲಿ ಕೂತು ಗೋಡೆ ಥಂಡಿ ಹಿಡಿಯುವ ಮಾತೆತ್ತಿದರೆ ಮಲೆನಾಡಿನವರು ನಕ್ಕಾರು. ಕುಡಿಯೋಕೇ ನೀರಿಲ್ಲದ ಊರಲ್ಲಿ ಗೋಡೆಗೆ ನೀರು ಎಲ್ಲಿಂದ ಬಂತು ಸ್ವಾಮಿ ಎಂದು ಕೇಳಿಯಾರು. ಅವರು ನವೆಂಬರಿನಲ್ಲೊಮ್ಮೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಚಾಂಪಿಯನ್ ರೀಫ್ಸ್‌ನ ಯಾವುದಾದರೂ ಹಳೆಯ ಲೈನಿಗೆ, ಅಂದರೆ ಚಿನ್ನದ ಗಣಿಯ ಕೂಲಿಗಳಿಗೆ ಕಟ್ಟಿದ ಸಾಲುಮನೆಗಳಿಗೆ, ನಡೆದು ಹೋಗಿ, ಸಾಲಿನ ನಡುವಿನ ಒಂದು ಮನೆಯಲ್ಲಿ ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಬೇಕು. ಹಿಂದೆ ಕಪ್ಪು ಬೂಷ್ಟು, ಬೆರಳು ತಾಗಿದರೆ ಉದುರುವ ಗಾರೆ, ಮೂಗಿಗೆ ಮುಗ್ಗಲು ವಾಸನೆ. ಬೀರುವಿನೊಳಗಿನ ಮದುವೆ ಸೀರೆಗೂ ಅದೇ ವಾಸನೆ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 700 ಮಿಲಿಮೀಟರ್ ಮಳೆ. ಕಡಿಮೆಯೇ. ಆದರೆ ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್, ನವೆಂಬರಿಗೆ ಬಂದು ಕೂರುತ್ತದೆ. ಹಿಂಗಾರು ಮದ್ರಾಸಿನ ಕಡೆಯಿಂದ ಬರುವಾಗ ಬಿಸಿಲನ್ನೂ ಕಟ್ಟಿಹಾಕುತ್ತದೆ. 2021ರ ನವೆಂಬರನ್ನು ಯಾರೂ ಮರೆತಿಲ್ಲ, ಅದೆಷ್ಟೋ ವರ್ಷ ಒಣಗಿದ್ದ ಕೆರೆಗಳು ಆ ತಿಂಗಳು ಕೋಡಿ ಬಿದ್ದವು. ಅಂಥ ಮಳೆಯ ಬೆನ್ನಿಗೇ ಚಳಿ. ನೆನೆದ ಗೋಡೆ ಒಣಗುವ ಮೊದಲೇ ಜನ ಕಿಟಕಿ ಮುಚ್ಚಿ ಮಲಗುತ್ತಾರೆ. ನಮ್ಮಲ್ಲಿ ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಆಮೇಲೆ ಮನೆ ಒಣಗಿತೇ ಅನ್ನುವುದು ಮುಖ್ಯ. ಇವತ್ತು ನಾನು ಹೇಳಬೇಕೆಂದಿರುವುದೂ ಅಷ್ಟೇ: ಲೈನು ಮನೆಯ ಕಾಯಿಲೆಯಲ್ಲಿ ನೀರು ಒಳಗೆ ಬರುವುದು ಕಾಲು ಭಾಗ, ಹೊರಗೆ ಹೋಗಲಾರದೆ ಉಳಿಯುವುದು ಮುಕ್ಕಾಲು ಭಾಗ.

ಲೈನು ಮನೆ ಕಾಣದವರಿಗಾಗಿ ಎರಡು ಮಾತು. 1880ರ ದಶಕದಿಂದ ಇಲ್ಲಿನ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಕೂಲಿಗಳಿಗೆ ಮೊದಲು ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲು. ಮಳೆಗೆ ಸೋರುತ್ತಿತ್ತು, ಬೆಂಕಿಗೆ ಹೆದರಬೇಕಿತ್ತು, ಆದರೆ ತಟ್ಟಿಯ ಸಂದಿಗಳಲ್ಲಿ ಗಾಳಿಯಂತೂ ಆಡುತ್ತಿತ್ತು. ಆಮೇಲೆ ಬಂದದ್ದು ಕಲ್ಲು, ಇಟ್ಟಿಗೆಯ ಗೋಡೆ, ಮೇಲೆ ತಗಡು, ಕೆಲವು ಕಡೆ ಹೆಂಚು, ಇನ್ನು ಕೆಲವು ಕಡೆ ಕಲ್ನಾರಿನ ಶೀಟು. ಒಂದೇ ಗೋಡೆಗೆ ಎರಡು ಮನೆ ಅಂಟಿಕೊಂಡು ಉದ್ದಕ್ಕೆ ಸಾಲು. ಮೂಲೆ ಮನೆಯವರಿಗೆ ಒಂದು ಪಕ್ಕದ ಗೋಡೆಯಾದರೂ ಬಯಲಿಗಿದೆ. ಮಧ್ಯದವರಿಗೆ ಮುಂದೆ ಬಾಗಿಲು, ಹಿಂದೆ ಸಣ್ಣ ಕಿಟಕಿ, ಇನ್ನೆರಡು ಕಡೆ ನೆರೆಮನೆ.

ಕಂಪನಿಯವರಿಗೆ ಗಾಳಿಯ ವಿಷಯ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಅವರ ದೇಶದಲ್ಲಿ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಊರೂರಿನ ಕಟ್ಟಡ ನಿಯಮಗಳು ಸಾಲುಮನೆಯ ಹಿಂದೆ ಇಷ್ಟು ಬಯಲು ಬಿಡಬೇಕು, ಗೋಡೆಯ ಬುಡದಲ್ಲಿ ತೇವ ಏರದಂತೆ ಪಟ್ಟಿ ಹಾಕಬೇಕು ಎಂದು ಹೇಳತೊಡಗಿದ್ದವು. ಹಾಗೆಂದು ಅಲ್ಲಿನ ಕೂಲಿಕಾರರು ಸುಖವಾಗಿದ್ದರು ಎಂದಲ್ಲ. ಲೀಡ್ಸ್ ಊರಿನಲ್ಲಿ ಬೆನ್ನಿಗೆ ಬೆನ್ನು ಅಂಟಿದ ಮನೆಗಳನ್ನು 1937ರವರೆಗೂ ಕಟ್ಟುತ್ತಲೇ ಇದ್ದರು. ಇಲ್ಲಿ ಸಾಹೇಬರ ಬಂಗಲೆಗಳನ್ನು ನೋಡಿ: ಎತ್ತರದ ಸೂರು, ಸುತ್ತ ವರಾಂಡ, ಸೂರಿನಡಿಯಲ್ಲಿ ಗಾಳಿಗಿಂಡಿ. ಅದೇ ಕಂಪನಿ, ಅದೇ ಮೇಸ್ತ್ರಿಗಳು, ಅದೇ ಸುಣ್ಣ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತಂದು ಗಣಿ ಓಡಿಸಿದವರಿಗೆ ಲೈನಿನ ಹಿಂದಿನ ಗೋಡೆಯಲ್ಲಿ ಇನ್ನೊಂದು ಕಿಂಡಿ ತೆರೆಸುವುದು ಭಾರವಾಗುತ್ತಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ ಎಂದಿಟ್ಟುಕೊಳ್ಳಿ. ಅದರಲ್ಲಿರುವುದು ಸುಮಾರು 28 ಘನ ಮೀಟರ್ ಗಾಳಿ. ಹವೆ 20 ಡಿಗ್ರಿಗೆ ಇಳಿದಾಗ ಒಂದು ಘನ ಮೀಟರ್ ಗಾಳಿ ಹೊರಬಲ್ಲದ್ದು ಸುಮಾರು 17 ಗ್ರಾಂ ನೀರಾವಿ. ಕೋಣೆಯ ಗಾಳಿಯೆಲ್ಲ ಸೇರಿದರೂ ಅರ್ಧ ಲೀಟರಿನ ಒಳಗೇ ಆಯಿತು. ಮಲಗಿದ ಮನುಷ್ಯ ಉಸಿರಿನಲ್ಲಿ, ಮೈಯಿಂದ ಗಂಟೆಗೆ 40 ಗ್ರಾಂ ಆಸುಪಾಸಿನಲ್ಲಿ ನೀರು ಬಿಡುತ್ತಾನೆ. ನಾಲ್ವರು ಎಂಟು ಗಂಟೆ ಮಲಗಿದರೆ ಒಂದೂಕಾಲು ಲೀಟರು. ಗಾಳಿ ಹೊರಲಾರದ ಉಳಿದ ನೀರು ಎಲ್ಲಿಗೆ ಹೋಗಬೇಕು? ತಂಪಾದ ಗೋಡೆಗೆ, ತಗಡಿಗೆ, ಹಾಸಿಗೆಗೆ. ತಗಡು ರಾತ್ರಿ ಬಯಲ ಆಕಾಶಕ್ಕೆ ತನ್ನ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು ಸುತ್ತಲ ಹವೆಗಿಂತ ತಣ್ಣಗಾಗುತ್ತದೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಐದರ ಹೊತ್ತಿಗೆ ಮಳೆಯಿಲ್ಲದೆ ಸೂರು ತೊಟ್ಟಿಕ್ಕುವುದು. ತಗಡು ತೂತಾಗಿದೆ ಎಂದು ಡಾಂಬರು ಮೆತ್ತಿಸಿದವರನ್ನು ಬಲ್ಲೆ. ತೂತೇನೂ ಇರಲಿಲ್ಲ, ಮನೆಯವರ ಉಸಿರೇ ಕೆಳಗೆ ಬೀಳುತ್ತಿತ್ತು.

ಅಡುಗೆ ಗ್ಯಾಸಿನ ಲೆಕ್ಕ ಕೇಳಿದರೆ ಇನ್ನೂ ಆಶ್ಚರ್ಯ. ಒಂದು ಕಿಲೋ ಗ್ಯಾಸು ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. 14.2 ಕಿಲೋದ ಸಿಲಿಂಡರು ಮುಗಿಯುವಷ್ಟರಲ್ಲಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿ ಚೆಲ್ಲುವಷ್ಟು ನೀರು ನಿಮ್ಮ ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ ಬೆಂದ ಹಬೆ, ಕುಕ್ಕರಿನ ಕೂಗು ಇದರಲ್ಲಿ ಸೇರಿಲ್ಲ. ಇದರ ಮೇಲೆ ನಮ್ಮೂರಿನದೇ ಒಂದು ಸಂಕಟ. ನಲ್ಲಿ ಯಾವಾಗ ಬರುತ್ತದೋ ಗೊತ್ತಿಲ್ಲ, ಆದ್ದರಿಂದ ಮನೆಯೊಳಗೇ ನೀಲಿ ಡ್ರಮ್ಮು, ಕೊಡ, ಬಕೆಟ್ಟುಗಳ ಸಾಲು, ಅದೂ ಗೋಡೆಗೆ ಒತ್ತಿ. ಡ್ರಮ್ಮಿಗೆ ಮುಚ್ಚಳವಿಲ್ಲದಿದ್ದರೆ ಹಗಲೂ ರಾತ್ರಿ ಅದೂ ಆವಿ ಬಿಡುತ್ತಿರುತ್ತದೆ.

ಇಷ್ಟಾದರೂ ಕಿಟಕಿ ಏಕೆ ತೆಗೆಯುವುದಿಲ್ಲ ಎಂದು ಹೆಂಗಸರನ್ನು ಗದರುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಕಿಟಕಿ ಮುಚ್ಚುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ, ಆಷಾಢದ ಗಾಳಿಯಲ್ಲಿ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಎದ್ದ ಬಿಳಿ ದೂಳು ಅನ್ನದ ತಟ್ಟೆಯವರೆಗೂ ಬರುತ್ತದೆ. ಗಣಿಯೊಳಗೆ ಬಂಡೆಯ ದೂಳು ಕುಡಿದು ಸಿಲಿಕೋಸಿಸ್ ಹಿಡಿದವರು ಒಳಗೆ ಮಲಗಿರುವ ಮನೆಯಲ್ಲಿ ಯಾರು ತಾನೇ ಕಿಟಕಿ ತೆಗೆದಾರು? ಮುಚ್ಚಿ ಮುಚ್ಚಿ ಅಭ್ಯಾಸವಾದ ಕಿಟಕಿ ಮಳೆಗಾಲದಲ್ಲೂ ಮುಚ್ಚಿಯೇ ಇರುತ್ತದೆ. ಮನೆಯವರನ್ನೇ ದೂರುವ ಚಾಳಿ ಬೇರೆ ಕಡೆಯೂ ಇದೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ಮನೆಯ ಬೂಷ್ಟಿನಿಂದ ಉಸಿರಾಟ ಕೆಟ್ಟು ತೀರಿಕೊಂಡಿತು. ತಂದೆ ದೂರು ಕೊಟ್ಟಾಗ, ತಪ್ಪು ನೀವು ಬದುಕುವ ರೀತಿಯದು ಎಂಬ ಧಾಟಿಯಲ್ಲಿ ಮನೆಯ ಒಡೆತನದ ಸಂಸ್ಥೆ ಮಾತಾಡಿತ್ತು. ವಿಚಾರಣೆ ನಡೆದು ಆ ಮಾತು ನಿಲ್ಲಲಿಲ್ಲ, ಕಾಯ್ದೆಯೇ ಬದಲಾಯಿತು. ಇಬ್ಬರಿಗೂ ಸಾಲದ ಕೋಣೆಯಲ್ಲಿ ಆರು ಜನರನ್ನು ಇಟ್ಟು, ಉಸಿರಾಡಿದ್ದು ನಿಮ್ಮ ತಪ್ಪು ಎನ್ನಲಾಗದು.

ಹಾಗಾದರೆ ಮಾಡುವುದೇನು? ಮೊದಲು ತೇವ ಯಾವ ಜಾತಿಯದು ಎಂದು ಗುರುತಿಸಬೇಕು. ಗೋಡೆಯ ಬುಡದಿಂದ ಮೂರಡಿಯ ಒಳಗೆ ಕಲೆಯಿದ್ದು ಅದರ ಅಂಚಿನಲ್ಲಿ ಬಿಳಿ ಉಪ್ಪು ಹೂ ಬಿಟ್ಟಂತೆ ಕಂಡರೆ ಅದು ನೆಲದಿಂದ ಏರಿದ ತೇವ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇಟ್ಟಿಗೆ ನೀರನ್ನು ಎಳೆದುಕೊಳ್ಳುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ. ಸೂರಿನ ಬಳಿ ಹಳದಿ ಕಲೆಯಿದ್ದು ಮಳೆ ಬಂದಾಗ ಮಾತ್ರ ಹೆಚ್ಚಾದರೆ ಅದು ಸೋರಿಕೆ. ಉಪ್ಪೇ ಇಲ್ಲದೆ, ಮೂಲೆಯಲ್ಲಿ, ಬೀರುವಿನ ಹಿಂದೆ, ಮಂಚದ ತಲೆದೆಸೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಒಳಗಿನ ಆವಿ. ಅನುಮಾನವಿದ್ದರೆ ಅಲ್ಯೂಮಿನಿಯಂ ಫಾಯಿಲ್ ತುಂಡೊಂದನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಕೋಣೆಯ ಕಡೆಯ ಮೈ ಒದ್ದೆಯಾದರೆ ನೀರು ಗಾಳಿಯದು, ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯದು. ಇಷ್ಟನ್ನು ಮಾಡದೆ ಪೇಂಟಿನ ಅಂಗಡಿಗೆ ಹೋಗಬೇಡಿ.

ಆದರೂ ಎಲ್ಲರೂ ಮೊದಲು ಹೋಗುವುದು ಅಲ್ಲಿಗೇ. ಒಬ್ಬ ತಾಯಿ ನನ್ನ ಹತ್ತಿರ ಹೇಳಿದ್ದು: “ಮೂರು ಸಲ ಪೇಂಟ್ ಹೊಡೆಸಿದ್ದೀನಿ ಸಾರ್, ಮೂರು ಸಲಾನೂ ಹಪ್ಪಳ ಎದ್ದಂಗೆ ಎದ್ದು ಉದುರೋಯ್ತು. ಕೊನೇ ಸಲ ವಾಟರ್‌ಪ್ರೂಫ್ ಅಂತ ಡಬಲ್ ರೇಟು.” ಅವರ ಮನೆಯ ಗೋಡೆ ಸುಣ್ಣದ ಗಾರೆಯದು. ಒಳಗೆ ಬುಡದಿಂದ ಮೂರಡಿ ಎತ್ತರಕ್ಕೆ ಸಿಮೆಂಟು ಬಳಿಸಿ ಮೇಲೆ ಎನಾಮೆಲ್ ಹೊಡೆಸಿದ್ದರು. ಗೋಡೆಗೆ ಬಂದ ನೀರು ಆರಿಹೋಗಲು ದಾರಿಯಿಲ್ಲದೆ ಸಿಮೆಂಟಿನ ಹಿಂದೆಯೇ ಹತ್ತಿ, ಮೂರಡಿ ದಾಟಿದ ಕೂಡಲೇ ಹೊರಬಿದ್ದಿತ್ತು. ಕಲೆ ಮೂರೂವರೆ ಅಡಿ ಎತ್ತರದಲ್ಲಿ ಹಗ್ಗ ಹಿಡಿದು ಗೆರೆ ಎಳೆದಷ್ಟು ನೇರವಾಗಿತ್ತು.

ಅದೇ ಮನೆಯ ಪಕ್ಕದಲ್ಲಿ ಗಣಿಯ ವೆಂಟಿಲೇಷನ್ ಕೆಲಸದಲ್ಲಿದ್ದು ನಿವೃತ್ತರಾದ ತಾತ ಒಬ್ಬರಿದ್ದರು. ನಾನು ಗೋಡೆ ತಟ್ಟಿ ನೋಡುತ್ತಿದ್ದರೆ ಅವರು ಬಾಗಿಲಲ್ಲಿ ನಿಂತು ಸುಮ್ಮನೆ ಬೀಡಿ ಹಚ್ಚಿದರು. ಹೊಗೆ ಬಾಗಿಲಿಂದ ಒಳಗೆ ನಾಲ್ಕು ಅಡಿ ಬಂತು, ಅಲ್ಲೇ ತಿರುಗಿ ಬಾಗಿಲ ಮೇಲಿಂದ ಹೊರಗೆ ಹೋಯಿತು. ಕೋಣೆಯ ಹಿಂಭಾಗಕ್ಕೆ ಅದು ತಲುಪಲೇ ಇಲ್ಲ. ತಾತ ಕೇಳಿದರು: “ಇನ್‌ಟೇಕ್ ಇದೆಯಪ್ಪಾ, ರಿಟರ್ನ್ ಎಲ್ಲಿ?”

ಇಡೀ ಭಾಷಣವನ್ನು ಈ ಒಂದು ಪ್ರಶ್ನೆಗೆ ಬಿಟ್ಟುಕೊಟ್ಟರೂ ನನಗೆ ಬೇಸರವಿಲ್ಲ. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಒಂದು ಕಾಲಕ್ಕೆ ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲಿ ಅದೂ ಒಂದು. ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಅಲ್ಲಿಗೆ ಮನುಷ್ಯರನ್ನು ಇಳಿಸಬೇಕಾದರೆ ಒಂದು ಶಾಫ್ಟಿನಿಂದ ಗಾಳಿ ಇಳಿಯಬೇಕು, ಕೆಲಸದ ಜಾಗವನ್ನೆಲ್ಲ ಸುತ್ತಬೇಕು, ಇನ್ನೊಂದು ಶಾಫ್ಟಿನಿಂದ ಮೇಲೆ ಬರಬೇಕು; ಇಳಿಯುವ ದಾರಿ ಇನ್‌ಟೇಕ್, ಏರುವ ದಾರಿ ರಿಟರ್ನ್. ನಡುವೆ ಅಡ್ಡದಾರಿ ಹಿಡಿಯದಂತೆ ಬಾಗಿಲುಗಳು, ತಡೆಗೋಡೆಗಳು, ಎಳೆಯಲು ದೊಡ್ಡ ಫ್ಯಾನುಗಳು. ಹೊರದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಫ್ಯಾನಿಟ್ಟರೂ ಗಾಳಿ ಒಳಗೆ ಬರುವುದಿಲ್ಲ ಎಂಬುದು ಅಲ್ಲಿನ ಮೊದಲ ಪಾಠ. ಇದನ್ನು ದಿನಾ ಕೈಯಾರೆ ಮಾಡುತ್ತಿದ್ದವರು ಶಿಫ್ಟು ಮುಗಿಸಿ ಮೇಲೆ ಬಂದು ಮಲಗುತ್ತಿದ್ದದ್ದು ಹಿಂದಿನ ಕಿಟಕಿ ಮುಚ್ಚಿ ಒಂದೇ ಬಾಯಿಯಾದ ಕೋಣೆಯಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆ ಕೋಣೆಗಳು ಹಾಗೇ ಇವೆ.

ಆ ತಾಯಿಯ ಮನೆಗೂ ಹಿಂದೆ ಕಿಟಕಿ ಇತ್ತು. ಗಣಿ ಮುಚ್ಚಿದ ಮೇಲೆ, ಮಕ್ಕಳು ದೊಡ್ಡವರಾಗಿ ಜಾಗ ಸಾಲದೆ, ಹಿಂದಿನ ಬಯಲಿಗೆ ಶೀಟು ಹೊದಿಸಿ ಅಡುಗೆಮನೆ ಮಾಡಿಕೊಂಡರು. ಕಿಟಕಿ ಈಗ ಅಡುಗೆಮನೆಗೆ ತೆರೆಯುತ್ತದೆ, ಅಡುಗೆಮನೆ ಎಲ್ಲಿಗೂ ತೆರೆಯುವುದಿಲ್ಲ. ಸಾಲಿನಲ್ಲಿ ಮುಕ್ಕಾಲು ಪಾಲು ಮನೆಗಳ ಕಥೆ ಇದೇ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಬಿಸಿ ಹವೆಯ ಕಡೆ ಕಿಟಕಿ, ಗಾಳಿಗಿಂಡಿಗಳ ತೆರಪು ನೆಲದ ಹತ್ತನೇ ಒಂದು ಪಾಲಾದರೂ ಇರಬೇಕು, ಮಧ್ಯಮ ಹವೆಯ ಕಡೆ ಎಂಟನೇ ಒಂದು. ನೂರು ಚದರಡಿ ಕೋಣೆಗೆ ಹತ್ತರಿಂದ ಹನ್ನೆರಡೂವರೆ ಚದರಡಿ. ಎರಡಡಿಗೆ ಎರಡಡಿ ಕಿಟಕಿ ಕೊಡುವುದು ನಾಲ್ಕು, ಅದನ್ನೂ ಶೀಟಿನಿಂದ ಮುಚ್ಚಿದರೆ ಸೊನ್ನೆ.

ನಾವು ಮಾಡಿದ್ದು ದೊಡ್ಡದೇನಲ್ಲ. ಅಡುಗೆಮನೆಯ ಹಿಂಗೋಡೆಯಲ್ಲಿ, ಸೂರಿಗೆ ಹತ್ತಿರ, ಒಂದು ಎಕ್ಸಾಸ್ಟ್ ಫ್ಯಾನು. ನಡುಗೋಡೆಯ ಬಾಗಿಲ ಮೇಲೆ ಎರಡು ಇಟ್ಟಿಗೆ ತೆಗೆಸಿ ಜಾಲರಿ. ಮುಂಬಾಗಿಲ ಕೆಳಗೆ ಎರಡು ಬೆರಳು ಸಂದಿ, ಇಲಿ ಬರದಂತೆ ಕಬ್ಬಿಣದ ಬಲೆ. ಗಾಳಿ ಮುಂದಿನಿಂದ ತಗ್ಗಿನಲ್ಲಿ ಬಂದು, ಕೋಣೆ ದಾಟಿ, ಹಿಂದಿನಿಂದ ಎತ್ತರದಲ್ಲಿ ಹೋಗಬೇಕು, ಬಿಸಿ ಹಬೆ ತಾನಾಗೇ ಮೇಲೇರುವುದರಿಂದ ಈ ಏರ್ಪಾಡು. ಫ್ಯಾನು ಹಾಕಿಸಿ ಒಳದಾರಿ ಬಿಡದವರು ಬಹಳ, ಅವರ ಮನೆಯಲ್ಲಿ ರೆಕ್ಕೆ ತಿರುಗುತ್ತದೆ, ಕರೆಂಟು ಬಿಲ್ಲು ಬರುತ್ತದೆ, ಹಬೆ ಇದ್ದಲ್ಲೇ ಇರುತ್ತದೆ. ತಾತ ಮತ್ತೊಮ್ಮೆ ಬೀಡಿ ಹಚ್ಚಿದರು. ಈ ಸಲ ಹೊಗೆ ನೇರ ಅಡುಗೆಮನೆಗೆ ನಡೆಯಿತು. ನಿಮ್ಮಲ್ಲಿ ಬೀಡಿ ಸೇದುವವರಿಲ್ಲದಿದ್ದರೆ ಒಂದು ಊದುಬತ್ತಿ ಸಾಕು. ಹಿಂಗೋಡೆಯೇ ಇಲ್ಲದ, ಬೆನ್ನಿಗೆ ಇನ್ನೊಂದು ಸಾಲು ಅಂಟಿದ ಮನೆಯಾದರೆ ದಾರಿ ಸೂರಿನ ಮೂಲಕವೇ. ಕಾರ್ಖಾನೆಗಳ ಮೇಲೆ ಗಾಳಿಗೆ ತಾನೇ ತಿರುಗುವ ಗುಂಡು ತೆರಪು ನೋಡಿದ್ದೀರಲ್ಲ, ಅಂಥದ್ದು ತಗಡಿಗೆ ಕೂರುತ್ತದೆ. ಕಲ್ನಾರಿನ ಹಳೆ ಶೀಟಾದರೆ ಮಾತ್ರ ಕೊರೆಯಬೇಡಿ, ಒಡೆಯಬೇಡಿ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಬಂಡೆ ದೂಳಿಗಿಂತ ಒಳ್ಳೆಯದೇನಲ್ಲ.

ತೊಟ್ಟಿಕ್ಕುವ ತಗಡಿಗೆ ಕೆಳಗೆ ಒಂದು ಗೇಣು ಬಿಟ್ಟು ಚಾಪೆಯನ್ನೋ ಹಲಗೆಯನ್ನೋ ಕಟ್ಟಿಸಿ, ನಡುವಿನ ಸಂದಿಗೆ ಎರಡೂ ತುದಿಯಲ್ಲಿ ಗಾಳಿ ಬಿಡಿ. ಸಂದಿಯನ್ನು ಪೂರಾ ಮುಚ್ಚಿ ಪಿವಿಸಿ ಸೀಲಿಂಗ್ ಹೊಡೆಸಿದರೆ ನೀರು ಕಾಣುವುದಿಲ್ಲ, ಮೇಲೆ ನಿಂತಿರುತ್ತದೆ ಅಷ್ಟೇ.

ನೆಲದಿಂದ ಏರುವ ತೇವಕ್ಕೆ ಕಾರಣ ಬಹುಪಾಲು ಮನೆಯ ಹೊರಗೆ. ಬೀದಿಗೆ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಹಾಕುತ್ತ ಹೋಗಿ ಹಳೆ ಮನೆಗಳ ನೆಲ ಬೀದಿಗಿಂತ ತಗ್ಗಾಗಿದೆ. ಮೋರಿ ಗೋಡೆಗೆ ಒರಗಿ ಹರಿಯುತ್ತದೆ. ಗೋಡೆಯ ಹೊರಬುಡದಲ್ಲಿ ಒಂದಡಿ ಅಗಲ, ಒಳನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗೆ ಹೋಗುವಷ್ಟು ಕಾಲುವೆ ತೋಡಿ ಜಲ್ಲಿ ತುಂಬಿ, ನೀರು ಮೋರಿಗೆ ಇಳಿಯುವಂತೆ ವಾಟ ಕೊಡಿ. ಇದನ್ನು ಒಬ್ಬರ ಮನೆ ಮುಂದಷ್ಟೇ ಮಾಡಿದರೆ ಪಕ್ಕದವರ ಗೋಡೆಗೆ ನೀರು ಹೋಗುತ್ತದೆ, ಆದ್ದರಿಂದ ಸಾಲಿನವರು ಕೂಡಿಯೇ ಮಾಡಬೇಕು. ಗಣಿ ಮುಚ್ಚಿದ ಮೇಲೆ ಮನೆಗಳ ಒಡೆತನದ ವಿಷಯ ವರ್ಷಗಟ್ಟಲೆ ಎಳೆದಾಡಿದ್ದರಿಂದ, ನಮ್ಮದಲ್ಲದ ಗೋಡೆಗೆ ದುಡ್ಡು ಏಕೆ ಸುರಿಯಬೇಕು ಎಂದು ಹಿಂಜರಿಯುವವರಿದ್ದಾರೆ. ನ್ಯಾಯವೇ. ಆದರೆ ಜಲ್ಲಿ ಕಾಲುವೆಗೆ ಬೇಕಾದದ್ದು ಗುದ್ದಲಿ, ಎರಡು ಗಾಡಿ ಜಲ್ಲಿ, ಒಂದು ಭಾನುವಾರ.

ಒಳಗಿನ ಸಿಮೆಂಟು ಕೆತ್ತಿ ತೆಗೆದು ಸುಣ್ಣ ಒಂದು ಪಾಲು, ಮರಳು ಮೂರು ಪಾಲಿನ ಗಾರೆ ಹಚ್ಚಿ. ದಿಬ್ಬದ ಮಣ್ಣು ಬಿಟ್ಟಿ ಸಿಗುತ್ತದೆ ಎಂದು ಬೆರೆಸಬೇಡಿ, ಅದು ಗಿರಣಿಯ ರಾಸಾಯನಿಕ ಕಂಡು ಬಂದದ್ದು. ಕೆತ್ತಿದ ಗೋಡೆ ಒಣಗಲು ಬಿಡಬೇಕು. ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದವರ ಹಳೆ ಅಂದಾಜು, ಒಂಬತ್ತು ಇಂಚಿನ ಗೋಡೆಗೆ ಒಂಬತ್ತು ತಿಂಗಳು. ಅಷ್ಟು ಕಾಯುವ ವ್ಯವಧಾನ ಯಾರಿಗೂ ಇಲ್ಲ, ಪೇಂಟಿನ ಕಂಪನಿಗಳು ಬದುಕಿರುವುದೇ ಅದರಿಂದ. ಮೇಲೆ ಬಳಿಯಲು ಸುಣ್ಣವೇ ಸಾಕು. ಪೊಂಗಲ್ಲಿಗೆ ಮುಂಚೆ ಲೈನಿಗೆ ಲೈನೇ ಸುಣ್ಣ ಕಾಣುತ್ತಿದ್ದ ಕಾಲದಲ್ಲಿ ಜನ ಅದನ್ನು ಹಬ್ಬಕ್ಕೆಂದು ಮಾಡುತ್ತಿದ್ದರು. ಸುಣ್ಣದ ಖಾರಕ್ಕೆ ಬೂಷ್ಟು ಬದುಕುವುದಿಲ್ಲ, ಗೋಡೆಯ ತೇವವನ್ನೂ ಅದು ತಡೆಯುವುದಿಲ್ಲ, ಮಳೆ ಮುಗಿದ ಜನವರಿ ಗೋಡೆ ಆರಲು ಒಳ್ಳೆಯ ತಿಂಗಳೂ ಹೌದು.

ಬೂಷ್ಟು ತೆಗೆಯುವಾಗ ಒಣ ಬ್ರಷ್ಷಿನಿಂದ ಉಜ್ಜಬೇಡಿ, ಅದು ಹಾರಿ ಮನೆಯೆಲ್ಲ ಹರಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಬಾಗಿಲು ತೆಗೆದಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಬ್ಲೀಚಿಂಗ್ ಪೌಡರಿನ ನೀರು ಹಚ್ಚಿ. ಅದಕ್ಕೆ ಕಕ್ಕಸು ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಗೋಡೆ ಒಣಗಲಿ, ಮಗು ಬೆಚ್ಚಗಿರಲಿ ಎಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವವರಿಗೂ ಒಂದು ಮಾತು: ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಗಾಳಿಯ ಮಾತು ಗೋಡೆಗಷ್ಟೇ ಸೇರಿದ್ದಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. ಕ್ಷಯ ಹರಡುವುದು ಒಂದೇ ಗಾಳಿಯನ್ನು ಹಲವರು ಗಂಟೆಗಟ್ಟಲೆ ಹಂಚಿಕೊಂಡಾಗ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎತ್ತರದ ಸೂರು, ದೊಡ್ಡ ಕಿಟಕಿಗಳಿದ್ದ ಹಳೆ ವಾರ್ಡುಗಳಲ್ಲಿ ಕಿಟಕಿ ತೆರೆದಿಟ್ಟರೆ ಯಂತ್ರದ ಗಾಳಿಯಿದ್ದ ಹೊಸ ಕೋಣೆಗಳಿಗಿಂತ ಹೆಚ್ಚು ಗಾಳಿ ಬದಲಾಗುತ್ತದೆ ಎಂದು ಅಳೆದು ತೋರಿಸಿತು. ಮನೆಯಲ್ಲಿ ವಾರಗಟ್ಟಲೆ ಕೆಮ್ಮುವ ಹಿರಿಯರಿದ್ದರೆ ಕಫ ಪರೀಕ್ಷೆ ಮಾಡಿಸಿ, ಅವರ ಹಾಸಿಗೆಯನ್ನು ಗಾಳಿ ಹೊರಹೋಗುವ ಕಡೆಗೆ ಹಾಕಿ, ಒಳಬರುವ ಕಡೆಗೆ ಮಕ್ಕಳನ್ನು ಮಲಗಿಸಿ.

ಕೆಲಸಗಳಿಗೆ ಕಾಲ ನೋಡಿಕೊಳ್ಳಿ. ದಿಬ್ಬದ ದೂಳೇಳುವ ತಿಂಗಳುಗಳಲ್ಲಿ ಕಿಟಕಿಗೆ ಒದ್ದೆ ಬಟ್ಟೆಯ ಪರದೆ ಬಿಟ್ಟು ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ತೆರೆಯಿರಿ. ಜಲ್ಲಿ ಕಾಲುವೆ, ತಗಡಿನ ರಿಪೇರಿ ಆಗಸ್ಟಿನೊಳಗೆ ಮುಗಿಯಲಿ. ಸೆಪ್ಟೆಂಬರಿನಿಂದ ಬೀರು, ಮಂಚ, ಡ್ರಮ್ಮುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಸಿಮೆಂಟು ಕೆತ್ತುವುದನ್ನು ಸಂಕ್ರಾಂತಿ ಆದ ಮೇಲೆ ಇಟ್ಟುಕೊಳ್ಳಿ. ಹಿಂದೆ ಶೀಟು ಹಾಕಿಸುವ ಯೋಚನೆಯಲ್ಲಿರುವವರು, ಶೀಟಿಗೂ ಗೋಡೆಗೂ ನಡುವೆ ಮುಕ್ಕಾಲು ಅಡಿ ಬಿಟ್ಟು ಕಟ್ಟು ಎಂದು ಫ್ಯಾಬ್ರಿಕೇಶನ್‌ನವನಿಗೆ ಮೊದಲೇ ಹೇಳಿ. ಕಟ್ಟಿದ ಮೇಲೆ ಹೇಳಿದರೆ ಅವನು ಮತ್ತೊಂದು ಬಿಲ್ಲು ಬರೆಯುತ್ತಾನೆ.